ಹದಿನೇಳನೆಯ ಕ್ಲಿಪ್ಪು

ರೌಮಾ ಬಂದರಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಕ್ರೇನಿನ ಗಾಜುಗೂಡಲ್ಲಿ ಕೂತವಳು ನಾನು.
ಕಾಗದದ ಸುರುಳಿ, ಮರದ ದಿಮ್ಮಿ, ಒಮ್ಮೆ ಒಂದು ಚರ್ಚಿನ ಗಂಟೆ
ನನ್ನ ಎರಡು ಕೈಯ ಮಾತು ಕೇಳಿ
ಹಡಗಿನ ಹೊಟ್ಟೆಗೆ ಇಳಿದಿವೆ.
ಎತ್ತರ ನನಗೆ ಹೊಸದಲ್ಲ.
ಎತ್ತರವನ್ನು ಕೆಳಗಿನಿಂದ ನೋಡುವುದು ಹೊಸದು.

ಮಾರ್ಚಿಯ ಶನಿವಾರ. ಸರೋವರ ಇನ್ನೂ ಗಟ್ಟಿ.
ಹಿಮದ ಮೇಲೆ ಬೂಟು ಕಿರುಗುಡಿಸುತ್ತ ಹೋಗಿ
ಸೇರಬೇಕೆಂದರೆ ಯಾರನ್ನು ಕೇಳಬೇಕು ಅಂದೆ.
ಮೂವರು ಒಂದೇ ಸಲ ಆಕಾಶ ತೋರಿಸಿದರು:
ಮಾತಾಡಬೇಡಿ, ಮೇಲೊಂದು ಇದೆ.
ಕಾದೆ. ಅದು ಇಳಿಯಿತು. ಆಮೇಲೆ ಕೈಕುಲುಕು.

ಕಾರ್ಯದರ್ಶಿ ವೇಯೋ, ಎಪ್ಪತ್ತನಾಲ್ಕು,
ಹಲ್ಲಿನ ಸೆಟ್ಟು ಮಾಡಿ ಮಾಡಿ ನಿವೃತ್ತನಾದವನು,
ಜಾರುಬಂಡಿಯ ಮೇಲೆ ಚೀಟಿಯಿಟ್ಟು ಬರೆದುಕೊಂಡ.
ಹೆಸರು, ಇರ್ಯಾ. ವಿಮೆ, ಇಷ್ಟು. ಚಂದಾ, ಇಷ್ಟು.
ಶಾಯಿ ಹೆಪ್ಪುಗಟ್ಟಿತು. ಪೆನ್ನನ್ನು ಬಾಯಲ್ಲಿಟ್ಟು
ಬೆಚ್ಚಗಾಗಿಸಿ ಮತ್ತೆ ಬರೆದ.
ಸೇರುವ ಕಾರಣ, ಎಂಬಲ್ಲಿ ಸುಮ್ಮನೆ ಗೆರೆ ಎಳೆದ.
ಯಾರಿಗೂ ಕಾರಣ ಇರಲ್ಲ, ಅಂದ.
ಇದ್ದವರು ತಿಂಗಳಿಗೇ ಬಿಟ್ಟು ಹೋಗುತ್ತಾರೆ.

ಹಲಗೆಯ ಮೇಲೆ ಸಾಲಾಗಿ ಬಟ್ಟೆ ಕ್ಲಿಪ್ಪುಗಳು.
ಹಿಂದೆಲ್ಲ ಎರಡು ರೇಡಿಯೊ ಒಂದೇ ಅಲೆ ಹಿಡಿದರೆ
ಎರಡು ವಿಮಾನವೂ ನೆಲಕ್ಕೆ. ಅದಕ್ಕೇ ಕಟ್ಟಳೆ:
ಒಬ್ಬರ ಕಾಲರಿನಲ್ಲಿ ಕ್ಲಿಪ್ಪಿರುವ ತನಕ
ಇನ್ನೊಬ್ಬರು ಏರಿಸಬಾರದು.
ಈಗಿನ ರೇಡಿಯೊ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ.
ಕಟ್ಟಳೆ ಮಾತ್ರ ಬಿಟ್ಟಿಲ್ಲ.
ನನಗೆ ಹದಿನೇಳು ಸಿಕ್ಕಿತು.
ಉಜ್ಜಿ ತೆಗೆದ ಹೆಸರೊಂದರ ಬಾಲ ಅದರ ಮೇಲಿತ್ತು.
ಕೇಳಲಿಲ್ಲ. ಅವರೂ ಹೇಳಲಿಲ್ಲ.

ವಿಮಾನ ಅಂದರೆ ಥರ್ಮಕೋಲು, ಹಳದಿ ರೆಕ್ಕೆ,
ಗಾಲಿಯ ಜಾಗದಲ್ಲಿ ಎರಡು ಪುಟ್ಟ ಸ್ಕೀ.
ತೂಕ ಒಂದು ಮೊಲದಷ್ಟು.
ನಲವತ್ತು ಟನ್ ಎತ್ತಿದ ಕೈ ನಗಬೇಕಿತ್ತು. ನಡುಗಿತು.

ಗುರು ಆತೋಸ್. ವಯಸ್ಸು ಹನ್ನೆರಡು. ಮೂಗು ಸೋರುತ್ತಿತ್ತು.
ಅವನ ರೇಡಿಯೊಗೂ ನನ್ನದಕ್ಕೂ ಒಂದು ತಂತಿ.
"ನಾನು ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ನಿಮ್ಮದು,
ಬೆರಳು ತೆಗೆದರೆ ನನ್ನದು."

ದೂರ ಹೋಗುವಾಗ ಎಲ್ಲ ಸಲೀಸು. ಎಡ ಎಡವೇ, ಬಲ ಬಲವೇ.
ತಿರುಗಿ ನನ್ನ ಕಡೆ ಬಂತೋ,
ಎಡಕ್ಕೆಂದರೆ ಬಲಕ್ಕೆ, ಬಲಕ್ಕೆಂದರೆ ಎಡಕ್ಕೆ,
ಕನ್ನಡಿ ನೋಡಿಕೊಂಡು ಸ್ವಂತ ಹಿಂದಲೆ ಕತ್ತರಿಸಿದ ಹಾಗೆ.
ಕೊಕ್ಕೆಗೆ ನೇತಾಡುವುದಕ್ಕೆ ಮುಖ ಇರುವುದಿಲ್ಲ.
ಎದುರಿಗೆ ಬರುವುದನ್ನು ನಡೆಸಿ
ನನಗೆ ರೂಢಿಯೇ ಇಲ್ಲ.

"ಯಾವ ರೆಕ್ಕೆ ತಗ್ಗಿದೆಯೋ ಕಡ್ಡಿ ಅತ್ತಲೇ ದೂಡಿ,"
ಅಂದ ಆತೋಸ್, ಕೈಗವಸಿಗೆ ಮೂಗು ಒರೆಸುತ್ತ,
"ಅದರ ಕೆಳಗೆ ಹೆಗಲು ಕೊಟ್ಟ ಹಾಗೆ."

ಮೊದಲ ಶನಿವಾರ ಹಿಮದಲ್ಲಿ ಮೂಗು ಹೂತಿತು.
ಎರಡನೆಯದು ರೆಕ್ಕೆ. ವೇಯೋ ಅಂಟು ಹಾಕಿದ.
ಅವನ ಕೈಯಲ್ಲಿ ಕಾಫಿ ತುಳುಕುತ್ತದೆ,
ಅಂಟಿನ ಹನಿ ಮಾತ್ರ ಕೂದಲೆಳೆ ತಪ್ಪುವುದಿಲ್ಲ.
ಮೂರನೆಯದು ಬರೀ ಗಾಳಿ. ಮಂಜುಗಡ್ಡೆ ಕೊರೆದು
ಗಾಳ ಬಿಟ್ಟವನೊಬ್ಬನ ಮೀನು ಸುಟ್ಟು ತಿಂದೆವು.
ಹಾರಾಟದ ಪುಸ್ತಕದಲ್ಲಿ ಅದನ್ನೂ ಬರೆದರು.

ನಾಲ್ಕನೆಯ ಶನಿವಾರ
ಬಿಸಿಲಿಗೆ ಗಡ್ಡೆ ಒಳಗೊಳಗೇ ಗುಂಯ್ಗುಡುತ್ತಿತ್ತು.
ಒಂದು ಸುತ್ತು. ಎರಡು. ಹೋದದ್ದು ತಿರುಗಿತು, ತಿರುಗಿದ್ದು ಬಂತು,
ತಗ್ಗಿದ ರೆಕ್ಕೆಗೆ ಹೆಗಲು ಕೊಟ್ಟೆ, ನೆಟ್ಟಗಾಯಿತು.
ಗುಂಡಿ ಹಿಡಿದಿದ್ದೀ ತಾನೇ? ಅಂದೆ, ಕಣ್ಣು ಕೀಳದೆ.
ಉತ್ತರವಿಲ್ಲ. ಬಿಸ್ಕತ್ತು ಅಗಿಯುವ ಸದ್ದು.
ಗುಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿ
ರೇಡಿಯೊವನ್ನು ಬಂಡಿಯ ಮೇಲಿಟ್ಟುಬಿಟ್ಟಿದ್ದ ಪೋರ.

ಹೆದರಿ ಇಳಿಸಿದೆ, ದೂರ, ಜೊಂಡಿನ ಹತ್ತಿರ.
ಮುರಿಯಲಿಲ್ಲ.
ಯಾರೂ ಚಪ್ಪಾಳೆ ತಟ್ಟಲಿಲ್ಲ, ನಮ್ಮ ಕಡೆ ಹಾಗೆಲ್ಲ ಇಲ್ಲ.
"ಇಳೀತಲ್ಲ" ಅಂದ ವೇಯೋ. ಅವನ ಮಟ್ಟಿಗೆ ಅದು ಭಾಷಣ.

ತರಲು ನಡೆದೆ, ಆರುನೂರು ಹೆಜ್ಜೆ.
ಎತ್ತಿಕೊಂಡು ತಿರುಗಿ ನೋಡಿದರೆ
ಅವರೆಲ್ಲ ಕ್ರೇನಿನಿಂದ ಕಾಣುತ್ತಿದ್ದಷ್ಟೇ ಚಿಕ್ಕವರು.
ಬಂದರಿನಲ್ಲಿ ತಲೆಯೆತ್ತಿದವರು ಕೊಕ್ಕೆಯನ್ನಷ್ಟೇ ನೋಡುತ್ತಿದ್ದರು.
ಇಲ್ಲೊಂದು ಪುಟ್ಟ ಚುಕ್ಕೆ ಎರಡೂ ಕೈ ಬೀಸುತ್ತಿತ್ತು:
ಬೇಗ ಬನ್ನಿ, ನನ್ನ ಸರದಿ.

ಕಾಲರು ಮುಟ್ಟಿಕೊಂಡೆ. ಹದಿನೇಳು ಅಲ್ಲೇ ಇತ್ತು.
ನಾನು ಮರಳಿ ಅದನ್ನು ತೆಗೆಯುವ ತನಕ
ಇಷ್ಟು ಆಕಾಶಕ್ಕೆ ಯಾರೂ ಏರುವ ಹಾಗಿಲ್ಲ.

ಮೆಲ್ಲಗೇ ನಡೆದೆ.